ಮಾಳಗಿ ಮ್ಯಾಲಿನ ಲೆಕ್ಕ

ದಿನಾ ಎಂಬತ್ತು ಮಂದಿ ಬೆರಳು ಚುಚ್ಚತೀನಿ ನಾ,
ಕಲಬುರಗಿ ಸರಕಾರಿ ದವಾಖಾನಿ, ಹನ್ನೊಂದನೇ ಖೋಲಿ.
ಆಳಂದದೋರು, ಸೇಡಂದೋರು, ಕಮಲಾಪುರದ ಮುದುಕೇರು,
"ಚೂರೇ ಚುಚ್ಚವ್ವಾ" ಅಂತ ಮಾರಿ ಆ ಕಡಿ ತಿರುವೋರು.
ಎಲ್ಲಾರ ಸಕ್ಕರಿ ಗೊತ್ತದ ನನಗ,
ನಮ್ಮನಿದು ಬಿಟ್ಟು.

ಮರ್ತಿದ್ದ ಡಬ್ಬಿ ಕೊಡ್ಲಾಕ ಬಂದಿದ್ದ ಅಂಬಾರಾಯ, ನನ್ನ ಗಂಡ,
ಕಪನೂರ ದಾಲ್ ಮಿಲ್ಲಿನ ಲೆಕ್ಕದ ಮನಷ್ಯಾ.
ಚೀಲ, ಕ್ವಿಂಟಲ್, ಹೊಟ್ಟು, ನುಚ್ಚು,
ಒಂದು ಕಾಳು ಆಚೀಚಿ ಆಗಬಾರದು ಅವಗ.
ಮಂದಿ ಕಡಿಮಿ ಇತ್ತು. ಸುಮ್ನ ಕೈ ಹಿಡದೆ.
"ಹದಿನೆಂಟು ವರ್ಷದ ಮ್ಯಾಲ ಮತ್ತ ಕೈ ಹಿಡಿಲಾಕತ್ತಿ?" ಅಂತ ನಕ್ಕ.
ಎರಡುನೂರಾ ಅರವತ್ತೆಂಟು.
"ಮಷಿನ್ ಕೆಟ್ಟದ" ಅಂದ. ಇನ್ನೊಂದು ಬೆರಳು ಕೊಟ್ಟ.
ಎರಡುನೂರಾ ಎಪ್ಪತ್ತೊಂದು.

ಆ ರಾತ್ರಿ ಅಡಗಿಮನ್ಯಾಗ ನಿಂತು
ಕಪಾಟು ತೆಗದು ನೋಡಿದೆ, ಯಾರದೋ ಮನಿ ನೋಡಿದಂಗ.
ನೂಡಲ್ಸು, ಟೋಸ್ಟು, ಖಾರಾ, ಪಾಪಡಿ,
ಬಾಟ್ಲಿ ತುಂಬ ಬಣ್ಣದ ನೀರು.
ಎಲ್ಲಾದರ ಹಿಂದ ಜ್ವಾಳದ ಹಿಟ್ಟಿನ ಡಬ್ಬಿ,
ತವರಿನಿಂದ ತಂದಾಗ ಮುಚ್ಚಿದ ಮುಚ್ಚಳ.
ಯಾರಿಗಿ ಬೈಲಿ? ನಾ ಏಳಕ್ಕ ಬರ್ತೀನಿ, ಅವ ಎಂಟಕ್ಕ.
ಪಿಂಟ್ಯಾ ಐದಕ್ಕೇ ಹಸದಿರ್ತಾನ.

ಹಳೇ ಹಿಟ್ಟು. ಜಿಗಿ ಹೋಗಿತ್ತು.
ಬಡದಂಗ ಬಡದಂಗ ಅಂಚು ಬಿರಿದು
ಮೊದಲನೇ ರೊಟ್ಟಿ ಎತ್ತೆತ್ತಲೋ ಹರದಿತ್ತು.
"ಇದು ಹಳೇ ಕಲಬುರಗಿ ಜಿಲ್ಲಾ,
ಯಾದಗಿರಿ ಕೂಡಿದ್ದು" ಅಂದ ಅಂಬಾರಾಯ,
ಬಿರುಕಿನ ಮ್ಯಾಲ ಮುರದು, ಶಹಾಪುರದ ಕಡಿಂದ ತಿನ್ಲಾಕತ್ತಿದ.

ಈಗ ಐತವಾರಕ್ಕ ಮೂರೂ ಮಂದಿ ಕೂಡತೀವಿ:
ನಾ ಬಡೀತೀನಿ, ಗೌರಾ ನೀರು ಹಚ್ಚತಾಳ,
ಅಪ್ಪ ಬೆಂಕಿ ಮುಂದ, ಕೈ ಸುಟ್ಟಕೋತಾನ.
ನಲವತ್ತು ಕಟಕ ರೊಟ್ಟಿ, ಬಿಳೀ ಬಟ್ಟಿ ಗಂಟು,
ಗುರುವಾರತನಕ ಚಿಂತಿಲ್ಲ.
ಪುಂಡಿಪಲ್ಯ ಎರಡು ದಿನ ಬರ್ತದ. ಮಡಕಿಕಾಳು ರಾತ್ರಿ ನೆನಿಸಿದ್ರ
ನಾವು ದುಡಿಲಾಕ ಹೋದಾಗ ತಾವೇ ಮೊಳಕಿ ಒಡೀತಾವ.
ಶುಕ್ರವಾರ ಅನ್ನ. ಸುಳ್ಳ್ಯಾಕ ಹೇಳಲಿ,
ಶುಕ್ರವಾರ ಮಿರ್ಚಿ ಭಜಿನೂ.

ದಿನಾ ನಡೀರಿ ಅಂದಾರ ಡಾಕ್ಟರು.
ಎಲ್ಲಿ ನಡೀಬೇಕು, ಈ ಏಪ್ರಿಲ್‌ನ್ಯಾಗ?
ಸಂಜಿ ಏಳರತನಕ ರೋಡು ಹಂಚಿನಂಗ ಕಾದಿರ್ತದ.
ಅದಕ್ಕ ರಾತ್ರಿ ಒಂಬತ್ತೂವರಿ, ಮಾಳಗಿ ಮ್ಯಾಲ:
ನೀರಿನ ಟಾಕಿಯಿಂದ ಡಿಶ್ ಛತ್ರಿತನಕ, ಮತ್ತ ವಾಪಸ್.
ಬಾಜೂ ಮಾಳಗಿ ತಬಸ್ಸುಮ್ ಆಪಾ
ಒಣಗಿದ ಬಟ್ಟಿ ತೆಗೀತ ಕೇಳ್ತಾಳ:
"ಏನ್ ಕಳಕೊಂಡು ಹುಡಕಲಾಕತ್ತೀರಿ?"
"ಸಕ್ಕರಿ" ಅಂತೀನಿ.
ಮರುದಿನ ಆಕಿನೂ ಆ ಕಡಿ ಸುತ್ತಲಾಕತ್ತಿದ್ಳು.

ಐವತ್ತು ಸುತ್ತು. ಸುತ್ತಿಗೊಂದು ಶೇಂಗಾ,
ಗೌರಾ ಬಟ್ಟಲದಾಗ ಹಾಕತಾಳ.
ಪಿಂಟ್ಯಾ ಮಗ್ಗಲದಾಗ ಕುಂತು, ಚಿಕ್ಕಿ ನೋಡಿದಂಗ ಮಾಡಿ
ಒಂದೊಂದೇ ಬಾಯಾಗ ಹಾಕ್ಕೋತಾನ.
ಬಟ್ಟಲ ಮೂವತ್ತು ದಾಟೂದೇ ಇಲ್ಲ.
ಕಾಳಿಗಿ ಕಾಳು ತಾಳಿ ಹಾಕೋ ಮನಷ್ಯಾ
ಬಗ್ಗಿ ನೋಡ್ತಾನ, ಮಗನ ಗಲ್ಲ ಉಬ್ಬಿದ್ದೂ ನೋಡ್ತಾನ,
"ಇನ್ನಾ ಭಾಳ ಅದಲ್ಲೋ" ಅಂತ ಮುಂದ ನಡೀತಾನ.
ಅಲ್ಲಿ ದರ್ಗಾದ ದೀಪ, ಇಲ್ಲಿ ಬಸ್ ಸ್ಟ್ಯಾಂಡಿನ ದೀಪ,
ಗಾಳಿಗಿ ತೊಗರಿ ಹುರದ ವಾಸನಿ.

ಮೊನ್ನಿ ಮತ್ತ ದವಾಖಾನಿಗಿ ಬಂದಿದ್ದ.
ನೂರಾ ಎಪ್ಪತ್ತಾರು. ಕಡಿಮಿ ಅಂತೂ ಅಲ್ಲ,
ಚೀಟಿ ಮಡಚಿ ಜೇಬಿನ್ಯಾಗ ಇಟಗೊಂಡ, ನೋಟು ಇಟ್ಟಂಗ.
ಎದ್ದು ಹೋಗ್ತಾನ ಅನಕೊಂಡೆ.
ಸೂಜಿ ತಾ ತಗೊಂಡು "ಈಗ ನಿಂದು" ಅಂದ.
ಹನ್ನೆರಡು ವರ್ಷ ಅದ ಖೋಲಿಯಾಗ ಕುಂತೀನಿ.
ಆ ಕುರ್ಚಿ ಇಷ್ಟು ತಣ್ಣಗಿರ್ತದಂತ ಗೊತ್ತಿರಲಿಲ್ಲ.
ಬೆರಳು ಕೊಟ್ಟೆ.
"ಚೂರೇ ಚುಚ್ಚು" ಅಂತ
ಮಾರಿ ಆ ಕಡಿ ತಿರುವಿದೆ.