ಹಾಸಿಗೆ ಇದ್ದಷ್ಟು

ಜನವರಿ. ಅಯೋವಾದ ವಾಯವ್ಯ ಮೂಲೆ, ಶಾಲೆಯ ಜಿಮ್ಮು.
ಹೊರಗೆ ಸೊನ್ನೆಗಿಂತ ಇಪ್ಪತ್ತು ಕೆಳಗೆ.
ಬಾಗಿಲು ತೆರೆದಾಗಲೆಲ್ಲ ಒಂದೊಂದು ಮನೆ ಒಳಬರುತ್ತದೆ
ಬೂಟಿನ ಹಿಮ ಕೊಡವಿಕೊಂಡು,
ಯಾರ ಮುಖವನ್ನೂ ನೋಡದೆ, ಯಾರು ಬಂದಿಲ್ಲವೆಂದು ಎಣಿಸುತ್ತ.
ಹೆಸರು ಕೇಳಿ ಗುರುತು ಹಾಕಿ ಚೀಟಿ ಕೊಡುವುದು ನನ್ನ ಕೆಲಸ.
ಮೂವತ್ತೊಂದು ವರ್ಷ ಇದೇ ಶಾಲೆಯಲ್ಲಿ ಆಲೂಗಡ್ಡೆ ಬಡಿಸಿದವಳು,
ಹೆಸರೇನು ಕೇಳಲಿ?
ಯಾರು ತಟ್ಟೆಯಲ್ಲಿ ಬಟಾಣಿ ಬಿಡುತ್ತಿದ್ದರೆಂಬುದೂ ಗೊತ್ತು.

ಅವನು ಬಂದ.
ರಾತ್ರಿಯ ಸುದ್ದಿಯ ನಡುವೆ ಪೈಜಾಮದಲ್ಲಿ ಓಡಿಬಂದು
ಹಾಸಿಗೆಯ ಮೇಲೆ ಧೊಪ್ಪನೆ ಬಿದ್ದು
‘ನಿಮ್ಮ ನಿದ್ದೆ ನನಗೆ ಬಿಡಿ’ ಎನ್ನುತ್ತಿದ್ದವನು.
ಹಾಲಿಸ್ ಬ್ರೀಡ್‌ಲವ್, ಹಾಸಿಗೆಯ ದೊರೆ.
ಇವತ್ತು ನೀಲಿ ಸೂಟು. ಇವತ್ತು ದೇಶ.
ಟೀವಿಯಲ್ಲಿದ್ದದ್ದಕ್ಕಿಂತ ಗಿಡ್ಡ.
ಮಕ್ಕಳು ಓಡಿದರು ಅವನತ್ತ,
ದೊಡ್ಡವರು ನಡೆದಂತೆ ಓಡಿದರು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ.
ಊರಿನ ಹಾಸಿಗೆಯೆಲ್ಲ ಇವನದೇ ಆದಮೇಲೆ
ಎಲ್ಲಿಯವರೆಗೆ ಚಾಚಬೇಕು ಇವನು?

‘ದೇಶಕ್ಕೆ ನಿದ್ದೆಯಿಲ್ಲ’ ಎಂದ ಮೈಕಿನಲ್ಲಿ.
ಚಪ್ಪಾಳೆ.
‘ಗಡಿಯಲ್ಲಿ, ಗದ್ದೆಯಲ್ಲಿ, ಗಿರಣಿಯಲ್ಲಿ
ಮಗ್ಗುಲು ಬದಲಿಸುತ್ತಿದೆ ಬೆಳಗಿನ ತನಕ.’
ಚಪ್ಪಾಳೆ.
ಪಕ್ಕದಲ್ಲಿ ಕೂತ ಡರ್ಕ್ ಹೋಕ್ಸ್ಟ್ರಾ, ಹಂದಿ ಸಾಕುವವನು, ಆಕಳಿಸಿದ.
ಬೆಳಗಿನ ನಾಲ್ಕಕ್ಕೆ ಎದ್ದವನು, ಪಾಪ.
ಅದು ಟೀಕೆಯಲ್ಲ.

ಪ್ರಶ್ನೆಗಳಿವೆಯೇ ಎಂದಾಗ ಎದ್ದವಳು ವಿಲ್ಲಾ ಟೆನ್ ಹಾಕನ್.
ಎಂಬತ್ತಮೂರು. ಕೈಚೀಲದಿಂದ ಮಡಚಿದ ಕಾಗದ ತೆಗೆದಳು.
ಹಾಸಿಗೆಯ ಗ್ಯಾರಂಟಿ ಕಾರ್ಡು.
ಜಿಮ್ಮೆಲ್ಲ ನಕ್ಕಿತು. ಅವನೂ ನಕ್ಕ, ಬೆರಳೆತ್ತಿದ,
ಹುಡುಗನೊಬ್ಬ ಬರೆದುಕೊಳ್ಳಲು ಓಡಿಬಂದ.
‘ಖೆರಿಟ್ ಮಲಗುತ್ತಿದ್ದ ಕಡೆ ತಗ್ಗು ಬಿದ್ದಿದೆ’ ಎಂದಳು.
‘ನಾಳೆಯೇ ಹೊಸದು, ಬಿಟ್ಟಿ!’
ಚಪ್ಪಾಳೆ.
‘ಹೊಸದು ಕೇಳಲಿಲ್ಲ. ಅವನು ಹೋಗಿ ಹದಿನಾಲ್ಕು ತಿಂಗಳು.
ತಗ್ಗು ಇನ್ನೆಷ್ಟು ದಿನ ಇರುತ್ತದೆ, ಅದು ಹೇಳಿ.’

ಯಾರೂ ಕೆಮ್ಮಲಿಲ್ಲ.
ಮೈಕು ಕುರ್ಚಿಯ ಮೇಲಿಟ್ಟ.
ಅವಳ ಪಕ್ಕ ಮೊಣಕಾಲೂರಿ ಕೂತು ಏನೇನೋ ಕೇಳಿದ,
ಕಾರ್ಡನ್ನು ಬೆಳಕಿಗೆ ಹಿಡಿದು ಮಾದರಿಯ ನಂಬರು ಓದಿದ,
ಅಂಗೈಯಿಂದ ಗಾಳಿಯನ್ನೇ ಒತ್ತಿ ತೋರಿಸಿದ,
ಸ್ಪ್ರಿಂಗು ಎಲ್ಲಿ ಮರೆಯುತ್ತದೆ, ಹತ್ತಿ ಎಲ್ಲಿ ನೆನಪಿಡುತ್ತದೆ.
ನನಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ:
‘ತಿರುವಿ ಹಾಕಬೇಡಿ.’

ಕ್ಯಾಮೆರಾದವರು ಆಗ ಕಾಫಿಯ ಸಾಲಿನಲ್ಲಿದ್ದರು.

ಆಮೇಲೆ ಎದ್ದ, ಮಂಡಿ ಲಟಕ್ಕೆಂದಿತು,
ಮೈಕು ಹಿಡಿದ, ಮತ್ತೆ ದೇಶವಾದ.

ಚೀಟಿಗಳನ್ನು ಪಾಪ್‌ಕಾರ್ನ್ ಡಬ್ಬಿಯಲ್ಲಿ ಹಾಕಿಸಿದೆವು.
ಬ್ಯಾಸ್ಕೆಟ್‌ಬಾಲ್ ಪಂದ್ಯದ ಡಬ್ಬಿ, ತಳದಲ್ಲಿ ಬೆಣ್ಣೆಯ ಜಿಡ್ಡು,
ಅಡಿಯ ಹೆಸರುಗಳೆಲ್ಲ ಹಿಂದಿನಿಂದಲೇ ಕಾಣುತ್ತಿದ್ದವು.
ಗವರ್ನರನಿಗೆ ಐವತ್ತೆಂಟು. ಪಾದ್ರಿಗೆ ನಲವತ್ತು.
ಅವನಿಗೆ ಮೂವತ್ತೊಂಬತ್ತು,
ಜೊತೆಗೆ ನಡುಗುವ ಅಕ್ಷರದ ಒಂದು ಚೀಟಿ: ‘ಹಾಸಿಗೆಯವನು.’
ಹೆಸರಿಲ್ಲ, ಎಣಿಸುವಂತಿಲ್ಲ ಎಂದಿತು ಪಾದ್ರಿಯ ಕಡೆ.
ಗೊತ್ತಾಗುತ್ತದಲ್ಲ ಎಂದಿತು ಅವನ ಕಡೆ.
ಇಪ್ಪತ್ತು ನಿಮಿಷ ಜಗಳ, ಒಂದು ಚೀಟಿಗೆ.
ನನ್ನ ಕಡೆ ನೋಡಿದರು.
ನಾನು ಓಟು ಹಾಕಿದ್ದು ಗವರ್ನರನಿಗೆ.
‘ಎಣಿಸಿ’ ಎಂದೆ.

ಕುರ್ಚಿ ಮಡಚಿ ಹೊರಬಂದರೆ
ಅವನ ಮುಖ ಬರೆದ ಬಸ್ಸು ಸ್ಟಾರ್ಟೇ ಆಗುತ್ತಿಲ್ಲ, ಡೀಸೆಲ್ ಗಟ್ಟಿಯಾಗಿದೆ.
ಹೋಕ್ಸ್ಟ್ರಾ ಬಯ್ಯುತ್ತ ಟಾರ್ಚು ಹಿಡಿದು ಬಸ್ಸಿನಡಿ ಮಲಗಿದ್ದಾನೆ,
ಹಿಮದ ಮೇಲೆ, ರಟ್ಟು ಹಾಸಿಕೊಂಡು.
ಮೊಣಕಾಲಿನಿಂದಾಚೆ ಅವನ ಕಾಲು
ರಟ್ಟಿನ ಹೊರಗೆ.