ಹತ್ತರಲ್ಲಿ ಎಷ್ಟು

ಕಂತು ಮುಗಿದು ಹೆಸರುಗಳು ಮೇಲೇರುವಾಗ
ಪಕ್ಕದ ಕ್ವಾರ್ಟರ್ಸಿನ ಶಮ್ಮಾಸ್ ಕೇಳುತ್ತಾನೆ:
ಹತ್ತರಲ್ಲಿ ಎಷ್ಟು, ಆಂಟೀ?

ಹಡಗು ಚೆನ್ನಾಗಿತ್ತು, ಒಪ್ಪಿದೆ.
ಮೂರು ಚಂದ್ರರ ಬೆಳಕಿಗೆ ಮೂರು ಕಡೆ ನೆರಳು,
ಯಾರೋ ಕೂತು ಲೆಕ್ಕ ಹಾಕಿದ್ದಾರೆ.
ಆದರೆ ಬಾಗಿಲು ತೆರೆದದ್ದೇ ತಡ
ಆ ಎಂಟು ಕಣ್ಣಿನ ಪ್ರಾಣಿ
ಕ್ಯಾಪ್ಟನ್ನಿನ ಭಾಷೆಯನ್ನೇ ಆಡಬೇಕೆ,
ಒಂದು ಒತ್ತಕ್ಷರವೂ ತಪ್ಪದೆ?

ಮಗಾ, ತಲಪಾಡಿ ಬಸ್ಸಿನಲ್ಲಿ
ಚಿಲ್ಲರೆ ಕೇಳಲಿಕ್ಕೇ ಕಂಡಕ್ಟರನಿಗೆ
ನಾಲ್ಕು ನಾಲಗೆ ಬೇಕು.
ನಾಲ್ಕು ಅಂಕ ಅಲ್ಲೇ ಹೋಯಿತು.

ವಿದ್ಯಾನಗರದ ಕೋರ್ಟಿನಲ್ಲಿ ಇಪ್ಪತ್ತಾರು ವರ್ಷ
ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ
ಮಾತು ಹೊತ್ತವಳು ನಾನು.
ಒಮ್ಮೆ ಪೈವಳಿಕೆಯ ಲಚ್ಚಿಲು ಕಟಕಟೆಯಲ್ಲಿ ನಿಂತು
ಮಗನ ಬಗ್ಗೆ ಒಂದೇ ಶಬ್ದ ಹೇಳಿದಳು: ಇಜ್ಜೆ.
ಇಲ್ಲ, ಸರಿ. ಎಲ್ಲಿ ಇಲ್ಲ?
ಮನೆಯಲ್ಲಿಯೊ, ಊರಲ್ಲಿಯೊ,
ಭೂಮಿಯ ಮೇಲೆಯೊ?
ಜಡ್ಜರ ಪೆನ್ನು ಇಂಗ್ಲಿಷಿನಲ್ಲಿ ಕಾಯುತ್ತಿತ್ತು.
ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ
ಬಿಚ್ಚಿ, ಮತ್ತೆ ಸುತ್ತುತ್ತಿದ್ದಳು.
ನಾನೇನು ಹೇಳಿದೆನೋ ಅದು ಫೈಲಿನಲ್ಲಿದೆ.
ಸರಿಯಿತ್ತೋ ಇಲ್ಲವೋ,
ಪೆನ್ಷನ್ ಬರತೊಡಗಿದ ಮೇಲೂ ಗೊತ್ತಾಗಿಲ್ಲ.

ಇವತ್ತು, ಕೊನೆಯ ಜಾಹೀರಾತಿಗೆ ಸ್ವಲ್ಪ ಮೊದಲು,
ಕ್ಯಾಪ್ಟನ್ ಕೇಳಿದಳಲ್ಲ, ನಿನ್ನವರು ಎಲ್ಲಿ ಅಂತ,
ಆಗ ಅದರ ಗಂಟಲಿನ ದೀಪ ಆರಿತು.
ಎರಡು ಸೆಕೆಂಡು. ಮೂರೇ ಇರಬಹುದು.
ಕತ್ತರಿಸಲು ಮರೆತರೋ,
ಗೊತ್ತಿದ್ದೇ ಬಿಟ್ಟರೋ.

ಆರು ಬರೆದುಕೋ.
ಬೇಡ, ಆರೂವರೆ.

ಅರ್ಧ ಎಂತಕ್ಕೆ?

ತಡಿ,
ನಿನ್ನ ಭಾಷೆಯಲ್ಲಿ ಅದಕ್ಕೆ ಏನನ್ನುತ್ತಾರೆಂದು
ಹುಡುಕುತ್ತಿದ್ದೇನೆ.