ಸೌಡಿಯ ಗೇಜ್ ಬುಕ್

ಎಡದಂಡೆ ನಾಲೆಯ ಮೇಲೆ
ಹತ್ತೊಂಬತ್ತು ವರ್ಷದ ಸೌಡಿ ನಾನು.
ಗೇಟು ಎತ್ತುವುದು, ಇಳಿಸುವುದು,
ಗೇಜಿನ ಕಲ್ಲಿಗೆ ಬ್ಯಾಟರಿ ಬಿಟ್ಟು ಅಂಕಿ ಓದುವುದು,
ಓದಿದ್ದನ್ನು ಸಿಂಧನೂರಿನ ಆಫೀಸಿಗೆ ಹೇಳುವುದು.
ಬೈಗುಳ ಮಾತ್ರ ಕೆಳಭಾಗದ ಕ್ಯಾಂಪುಗಳಿಂದ ನೇರ ಬರುತ್ತದೆ,
ತೆಲುಗಿನಲ್ಲೂ, ಕನ್ನಡದಲ್ಲೂ.

ಅಮರಮ್ಮ ಮೇ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡಾಗ
ಓಣಿ ನಕ್ಕಿತು. ನಾನೂ ನಕ್ಕೆ.
ಅಂಗಳದ ಬಂಡೆ ಕಾದು ಪಾದ ಬೊಬ್ಬೆ ಏಳುವ ಸೀಮೆ,
ಇವಳಿಗೆ ಚಳಿ!
ರೊಟ್ಟಿ ಬಡಿಯುವ ಕೈ ನಡುವೆಯೇ ನಿಂತುಬಿಡುತ್ತಿತ್ತು,
ಹಂಚಿನ ಮೇಲಿನದು ಕರಕಲಾಗುತ್ತಿತ್ತು.
ಬಾಚಣಿಗೆಯಲ್ಲಿ ಕೂದಲು, ದನಿಯಲ್ಲಿ ಮರಳು.
"ಸೋಮಾರಿ ಆಗೀದಿ" ಅಂದೆ.
ಎಷ್ಟು ಸಲ ಅಂದೆನೋ, ಲೆಕ್ಕ ಇಟ್ಟಿಲ್ಲ,
ಗೇಜ್ ಬುಕ್ಕಿನಲ್ಲಿ ಅದಕ್ಕೆ ಕಾಲಂ ಇಲ್ಲ.

ರಕ್ತದ ಚೀಟಿ ನೋಡಿ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.
ಟಿಎಸ್‌ಎಚ್ ಎಪ್ಪತ್ತೆಂಟು.
"ಹೆಚ್ಚಿದ್ರ ಚಲೋ ಅಲ್ಲೇನ್ರಿ?"
ನನಗೆ ಗೊತ್ತಿರುವ ಅಂಕಿಗಳೆಲ್ಲ ನೀರಿನವು.
"ಇದು ನೀರಲ್ಲಪ್ಪ, ಕೂಗು."

ಮಿದುಳಿನ ತಳದಲ್ಲಿ ಕಡಲೆಕಾಳಿನಷ್ಟು ಒಂದು ಗ್ರಂಥಿಯಂತೆ,
ಕೊರಳಲ್ಲಿ, ಚಿಟ್ಟೆ ಕೂತಂತೆ, ಇನ್ನೊಂದು.
ಮೇಲಿನವನು ಕೆಳಗಿನವನಿಗೆ ಹೇಳಿ ಕಳಿಸುತ್ತಾನೆ: ಬಿಡು.
ಬಿಟ್ಟ ರಸ ರಕ್ತದಲ್ಲಿ ಹರಿದು
ಎದೆ, ಕರುಳು, ತೊಗಲು, ಕೂದಲ ಬುಡ ಮುಟ್ಟಿ
ಒಂದು ಗುಟುಕು ಮೇಲಿನವನ ಬಾಯಿಗೂ ಬರುತ್ತದೆ.
ಸಾಕೆನಿಸಿದರೆ ಅವನು ಸುಮ್ಮನಾಗುತ್ತಾನೆ.
ಬಾರದಿದ್ದರೆ ಕೂಗುತ್ತಾನೆ,
ಎಪ್ಪತ್ತೆಂಟು ಅಂದರೆ ಗಂಟಲು ಹರಿಯುವ ಹಾಗೆ.

(ಈ ರಸಕ್ಕೆ ಹೆಚ್ಚುಕಡಿಮೆ ಎಲ್ಲ ಹೊಲದಲ್ಲೂ ತೂಬಿದೆಯಂತೆ.
ಬೇರೆ ಕೆಲವು ರಸ ಹಾಗಲ್ಲ.
ಹರಿಯುವುದು ಎಲ್ಲರ ಬದುವಿನ ಮುಂದೆ,
ಒಳಗೆ ಹೋಗುವುದು ತೂಬಿದ್ದವನ ಹೊಲಕ್ಕೆ.)

ಬಸ್‌ಸ್ಟ್ಯಾಂಡಿನಲ್ಲಿ ಒಗ್ಗರಣೆ ಮಿರ್ಚಿ ತರಿಸಿದೆ,
ನುಂಗಲಾಗಲಿಲ್ಲ.

ಒಂದು ವರ್ಷ, ಭತ್ತ ಹೊಡೆಯಾಗುವ ಹೊತ್ತಿಗೆ,
ಜ್ವರದಲ್ಲಿ ಗೇಟಿನ ಕೋಣೆಯೊಳಗೆ ಬಿದ್ದಿದ್ದೆ.
ಫೋನು ಕಂಬಳಿಯ ಕೆಳಗೆ ಅದುರುತ್ತಲೇ ಇತ್ತು,
ಅರವತ್ತೊಂದು ಸಲ.
ನಿದ್ದೆ ಹೊಡೆದ ಅಂತ ಸಸ್ಪೆಂಡ್ ಮಾಡಿದರು.
ಜ್ವರ ಅಂದರೆ ಸಾಹೇಬರು ನಂಬಲಿಲ್ಲ, ಕ್ಯಾಂಪಿನವರು ನಂಬಲಿಲ್ಲ,
ನನ್ನ ಅಣ್ಣನೂ ನಂಬಲಿಲ್ಲ.
ಇವಳೊಬ್ಬಳು ನಂಬಿದ್ದಳು.

ಈಗ ನಸುಕಿಗೆ ಒಂದು ಸಣ್ಣ ಗುಳಿಗೆ, ಬರೀ ನೀರು.
ಆಮೇಲೆ ಅರ್ಧ ತಾಸು ಚಹಾ ಇಲ್ಲ.
ನಾನೂ ಕುಡಿಯುವುದಿಲ್ಲ.
ದಂಡೆಯ ಮೇಲೆ ಕೂತು ಇಬ್ಬರೂ ಗೇಜು ನೋಡುತ್ತೇವೆ.
ಸ್ವೆಟರ್ ಇನ್ನೂ ಇದೆ, ಮೇಲಿನ ಎರಡು ಗುಂಡಿ ಬಿಚ್ಚಿದ್ದಾಳೆ.

ಮೊನ್ನೆ ಐವತ್ತರ ಗುಳಿಗೆಯನ್ನು ಎಪ್ಪತ್ತೈದಕ್ಕೆ ಏರಿಸಿದರು.
"ನಂದೂ ಗೇಟ್ ಒಂದ್ ಇಂಚ್ ಎತ್ಯಾರ್ ನೋಡು" ಅಂದಳು.
ನಾನು ಬುಕ್ಕು ತೆಗೆದು
ಅಂಚಿನ ಖಾಲಿ ಜಾಗದಲ್ಲಿ ಬರೆದುಕೊಂಡೆ.